ಉಯಿಲಿನಲ್ಲಿ ಇಲ್ಲದ ಮಗು: ಪೆಂಬ್ರೋಕ್‌ನ ಕಬ್ಬಿಣದ ವ್ಯಾಪಾರಿಯ ಆಸ್ತಿ ಪ್ರಕರಣ, 1865

ವೇಲ್ಸ್‌ನ ನೈರುತ್ಯ ಮೂಲೆಯಲ್ಲಿ ಪೆಂಬ್ರೋಕ್ ಎಂಬ ಸಣ್ಣ ಪೇಟೆಯಿದೆ. ಒಂದು ಹಳೆಯ ಕೋಟೆ, ಕೋಟೆಯಿಂದ ಹೊರಟ ಒಂದೇ ಉದ್ದನೆಯ ಬೀದಿ, ಊರಾಚೆ ಹೊಲ ಮತ್ತು ಹುಲ್ಲುಗಾವಲು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅಲ್ಲಿ ರಾಬರ್ಟ್ ಜೋನ್ಸ್ ಎಂಬ ಕಬ್ಬಿಣದ ಸಾಮಾನಿನ ವ್ಯಾಪಾರಿ ಇದ್ದ. ಮೊದಲ ಹೆಂಡತಿಯಲ್ಲಿ ಮಕ್ಕಳಿದ್ದರು. ಎರಡನೇ ಮದುವೆಯಾಗಿ ಅವಳಲ್ಲೊಂದು ಗಂಡು ಮಗು ಹುಟ್ಟಿತ್ತು. ಆ ಮಗು ಹುಟ್ಟುವ ಮೊದಲೇ ಜೋನ್ಸ್ ಉಯಿಲು ಬರೆದಿಟ್ಟಿದ್ದ. ಅದು ಮೊದಲ ಹೆಂಡತಿಯ ಮಕ್ಕಳ ಕಡೆಗಿತ್ತು. ಹೊಸ ಮಗುವಿನ ಹೆಸರು ಅದರಲ್ಲಿ ಬರಲು ಸಾಧ್ಯವೇ ಇರಲಿಲ್ಲ.

ಮಗುವಿಗೆ ಒಂಬತ್ತು ತಿಂಗಳಾಗಿದ್ದಾಗ ಜೋನ್ಸ್ ವ್ಯವಹಾರಕ್ಕೆಂದು ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಬಂದ. ಬೀಗ, ಮೊಳೆ, ಕೈಹತ್ಯಾರುಗಳೆಲ್ಲ ತಯಾರಾಗುತ್ತಿದ್ದ ಸೀಮೆ ಅದು. ಕಬ್ಬಿಣದ ವ್ಯಾಪಾರಿಗೆ ಅಲ್ಲಿ ಕೆಲಸವಿರುವುದು ಸಹಜ. ಮನೆಗೆ ಬಂದವನನ್ನು ಮಗುವಿನ ದಾದಿ ಆಕ್ಷೇಪಿಸಿದಳು: ಅಷ್ಟು ದೂರ ಹೋಗಿ ಬಂದಿರಿ, ಕೂಸಿಗೆ ಏನೂ ತರಲಿಲ್ಲವಲ್ಲ. ಜೋನ್ಸ್, ಆಗಲೇ ಒಂದು ಜೊತೆ ಬೂಟು ಕೊಟ್ಟಿದ್ದೇನೆ, ಈಗ ಒಳ್ಳೆಯ ಉಡುಗೊರೆಯನ್ನೇ ಕೊಡುತ್ತೇನೆ ಎಂದು ಹೇಳಿ ಮಹಡಿಗೆ ಹೋದ. ಇಳಿದು ಬಂದಾಗ ಕೈಯಲ್ಲಿ 900 ಪೌಂಡಿನ ಚೆಕ್ ಇತ್ತು. ಅದು ಅವನ ಹೆಸರಿಗೇ ಬರೆದದ್ದು. ನೋಡಿ, ಇದನ್ನು ಮಗುವಿಗೆ ಕೊಡುತ್ತಿದ್ದೇನೆ, ಇದು ಅವನದೇ, ಅವನಿಗಾಗಿ ಎತ್ತಿಡುತ್ತೇನೆ, ಇದರ ಜೊತೆಗೆ ಇನ್ನೂ ಬೇಕಾದಷ್ಟು ಕೊಡುತ್ತೇನೆ ಎಂದು ಹೇಳಿ ಚೆಕ್ಕನ್ನು ಮಗುವಿನ ಕೈಗೆ ಇಟ್ಟ. ಹರಿದುಬಿಟ್ಟಾನು ಎಂದು ಹೆಂಡತಿ ಗಾಬರಿಯಾದಳು. ಹರಿದರೆ ಹರಿಯಲಿ, ಅವನದೇ ಅಲ್ಲವೇ, ಏನು ಬೇಕಾದರೂ ಮಾಡಿಕೊಳ್ಳಲಿ ಎಂದ ಜೋನ್ಸ್. ಆಮೇಲೆ ಚೆಕ್ಕನ್ನು ವಾಪಸು ತೆಗೆದುಕೊಂಡು, ಮಗನಿಗಾಗಿ ಇಡುತ್ತಿದ್ದೇನೆ ಎಂದು ಹೇಳಿ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ಕೆಲವು ದಿನಗಳ ಮೇಲೆ ತನ್ನ ವಕೀಲ ಲಾಕ್ ಎಂಬವರನ್ನು ಕಂಡಾಗ, ಸೋಮವಾರ ನಿಮ್ಮ ಕಚೇರಿಗೆ ಬರುತ್ತೇನೆ, ಮಗನಿಗೆ ಅನುಕೂಲವಾಗುವಂತೆ ಉಯಿಲನ್ನು ಬದಲಿಸಬೇಕು ಎಂದು ಹೇಳಿದ. ಆ ಸೋಮವಾರ ಬರುವ ಮೊದಲೇ ತೀರಿಕೊಂಡ.

ಪೆಟ್ಟಿಗೆಯಲ್ಲಿ ಚೆಕ್ ಸಿಕ್ಕಿತು. ಅದು ಮಗುವಿನದೋ, ಅಥವಾ ಉಳಿದ ಆಸ್ತಿಯ ಜೊತೆ ಸೇರಿ ಹಳೆಯ ಉಯಿಲಿನ ಪ್ರಕಾರ ಹಂಚಿಕೆಯಾಗಬೇಕೋ? ಇದೇ ಜೋನ್ಸ್ ವಿರುದ್ಧ ಲಾಕ್ ಮೊಕದ್ದಮೆ. ಟ್ರಸ್ಟ್ ಕಾನೂನು, ಅಂದರೆ ಒಬ್ಬರ ಹಿತಕ್ಕಾಗಿ ಇನ್ನೊಬ್ಬರು ಆಸ್ತಿ ಹಿಡಿದಿಡುವ ಏರ್ಪಾಟಿನ ಕಾನೂನು, ಓದುವವರೆಲ್ಲ ಇದನ್ನು ಒಂದು ಸೂತ್ರಕ್ಕೆ ಉದಾಹರಣೆಯೆಂದು ಎರಡು ಸಾಲಿನಲ್ಲಿ ಓದಿ ಮುಗಿಸುತ್ತಾರೆ. ನನಗೆ ಮಾತ್ರ ಇದು ಮೊದಲಿಗೆ ಒಬ್ಬ ಸಣ್ಣ ಊರಿನ ವ್ಯಾಪಾರಿಯ ಮನೆಯ ಪಾಲು ಪಂಚಾಯಿತಿ. ಸೂತ್ರ ಹುಟ್ಟಿದ್ದು ಆ ಮನೆಯ ಸಂಕಟದಿಂದ. ಹಾಗಾಗಿ ಮನೆಯ ಕಡೆಯಿಂದಲೇ ನೋಡುತ್ತೇನೆ.

ಮೊದಲು 900 ಪೌಂಡ್ ಎಂದರೆ ಎಷ್ಟು? ಆ ಕಾಲದ ಹೊಲದ ಕೂಲಿಯವನಿಗೆ ವಾರಕ್ಕೆ 10ರಿಂದ 12 ಷಿಲಿಂಗ್ ಸಿಗುತ್ತಿತ್ತು. ಪೌಂಡಿಗೆ 20 ಷಿಲಿಂಗ್. ವರ್ಷವಿಡೀ ಕೆಲಸ ಸಿಕ್ಕರೂ 30 ಪೌಂಡ್ ಆಸುಪಾಸು. 900 ಪೌಂಡನ್ನು ಶೇಕಡಾ 3ರ ಸರ್ಕಾರಿ ಸಾಲಪತ್ರದಲ್ಲಿ ಹಾಕಿದ್ದರೆ ಬಡ್ಡಿಯೇ ವರ್ಷಕ್ಕೆ ಸುಮಾರು 27 ಪೌಂಡ್. ಅಂದರೆ ಅಸಲು ಮುಟ್ಟದೆ, ಒಂದು ಕೂಲಿ ಕುಟುಂಬದ ವರ್ಷದ ಗಳಿಕೆಯಷ್ಟು ಹಣ ಈ ಕೂಸಿಗೆ ಪ್ರತಿ ವರ್ಷ ಬರುತ್ತಿತ್ತು. ಶಾಲೆ, ಒಂದು ಕಸುಬು ಕಲಿಯಲು ಯಜಮಾನನಿಗೆ ಕಟ್ಟುವ ಶುಲ್ಕ, ಮುಂದೆ ಸ್ವಂತ ಅಂಗಡಿಗೆ ಬಂಡವಾಳ, ಎಲ್ಲವೂ ಅದರಲ್ಲಿತ್ತು. ತಮಾಷೆಗೆ ಕೊಡುವ ಮೊತ್ತ ಇದಲ್ಲ.

ಇಂಥ ವ್ಯಾಪಾರಿಯ ಆಸ್ತಿ ಆ ಕಾಲದಲ್ಲಿ ಯಾವ ಯಾವ ರೂಪದಲ್ಲಿ ಇರುತ್ತಿತ್ತೆಂಬುದನ್ನೂ ನೋಡಬೇಕು, ಯಾಕೆಂದರೆ ಹಂಚಿಕೆಯ ತಲೆನೋವೆಲ್ಲ ಅಲ್ಲೇ. ಅಂಗಡಿಯ ಕಟ್ಟಡ ಸ್ವಂತದ್ದಾಗಿರಬಹುದು, ಗುತ್ತಿಗೆಯದ್ದಾಗಿರಬಹುದು. ಒಳಗೆ ದಾಸ್ತಾನು: ನೇಗಿಲಿನ ಗುಳ, ಸರಪಳಿ, ಕೀಲು, ಬೀಗ, ಮೊಳೆಯ ಚೀಲಗಳು. ಗೋಡೆಯಾಚೆ ರೈತರಿಗೆ ಕೊಟ್ಟ ಉದ್ದರಿ. ಬೆಳೆ ಬಂದ ಮೇಲೆ ಲೆಕ್ಕ ತೀರಿಸುವ ಗಿರಾಕಿಗಳೇ ಹಳ್ಳಿ ಕಡೆಯ ಅಂಗಡಿಗೆ ಜಾಸ್ತಿ. ಹಾಗಾಗಿ ಯಜಮಾನ ಸತ್ತ ದಿನ ಖಾತೆಪುಸ್ತಕದಲ್ಲಿ ದೊಡ್ಡ ಮೊತ್ತ ಇದ್ದರೂ ಗಲ್ಲಾಪೆಟ್ಟಿಗೆಯಲ್ಲಿ ಅಷ್ಟು ಇರುತ್ತಿರಲಿಲ್ಲ. ಕೈಯಲ್ಲಿ ಉಳಿದ ಹಣವನ್ನು ನೆರೆಹೊರೆಯವರಿಗೆ ಅಡಮಾನದ ಮೇಲೆ ಸಾಲ ಕೊಡುವುದು ಅವರ ಪದ್ಧತಿ. ಇದನ್ನೆಲ್ಲ ಮಕ್ಕಳ ನಡುವೆ ಭಾಗ ಮಾಡಬೇಕೆಂದರೆ ಮಾರಬೇಕು, ಇಲ್ಲವೇ ಬೆಲೆ ಕಟ್ಟಬೇಕು. ಆದ್ದರಿಂದ ವಕೀಲರು ಬರೆದುಕೊಡುತ್ತಿದ್ದ ಉಯಿಲುಗಳಿಗೆ ಒಂದು ಸಿದ್ಧ ಅಚ್ಚು ಇತ್ತು. ಎಲ್ಲ ಆಸ್ತಿಯನ್ನು ಇಬ್ಬರು ಟ್ರಸ್ಟಿಗಳ ಕೈಗೆ ಒಪ್ಪಿಸುವುದು. ವಿಧವೆಗೆ ಬದುಕಿರುವವರೆಗೆ, ಎಷ್ಟೋ ಸಲ ಮರುಮದುವೆಯಾಗುವವರೆಗೆ ಮಾತ್ರ, ಬಡ್ಡಿಯ ಆದಾಯ. ಅವಳ ಕಾಲದ ನಂತರ ಅಸಲು ಮಕ್ಕಳಿಗೆ ಸಮಪಾಲು. ಅಂಗಡಿಯಲ್ಲಿ ದುಡಿದ ಮಗನಿಗೆ ಕಟ್ಟಿದ ಬೆಲೆಗೆ ಅಂಗಡಿ ಕೊಳ್ಳುವ ಮೊದಲ ಹಕ್ಕು. ತಂದೆ ಬದುಕಿದ್ದಾಗಲೇ ಯಾವ ಮಗನಿಗಾದರೂ ವ್ಯಾಪಾರಕ್ಕೆಂದು ಹಣ ಕೊಟ್ಟಿದ್ದರೆ ಅದನ್ನು ಅವನ ಪಾಲಿನಲ್ಲಿ ಮುರಿದುಕೊಳ್ಳುವುದು. ಹೆಣ್ಣುಮಕ್ಕಳ ಪಾಲನ್ನು ಪ್ರತ್ಯೇಕವಾಗಿ ಅವರ ಹೆಸರಿಗೆ ಟ್ರಸ್ಟಿನಲ್ಲಿ ಕಟ್ಟಿಡುವುದು. ಹಾಗೆ ಮಾಡದಿದ್ದರೆ 1870 ಮತ್ತು 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಗಳು ಬರುವ ಮುಂಚೆ ಹೆಂಡತಿಯ ಕೈಗೆ ಬಂದ ನಗದು, ಒಡವೆ, ಸಾಮಾನು ಗಂಡನ ಪಾಲಾಗುತ್ತಿತ್ತು.

ಜೋನ್ಸ್ ಉಯಿಲು ಬರೆದಿಟ್ಟ ಎಚ್ಚರಸ್ಥ ಮನುಷ್ಯ. ಮಗುವಿಗೆ ಮುಳುವಾದದ್ದು ಆ ಎಚ್ಚರಿಕೆಯೇ. ಉಯಿಲೇ ಇಲ್ಲದೆ ಸತ್ತಿದ್ದರೆ 1670ರ ಹಂಚಿಕೆ ಶಾಸನ ಅನ್ವಯವಾಗುತ್ತಿತ್ತು. ಚರ ಆಸ್ತಿಯಲ್ಲಿ ಮೂರನೇ ಒಂದು ಭಾಗ ವಿಧವೆಗೆ, ಉಳಿದ ಎರಡು ಭಾಗ ಎಲ್ಲ ಮಕ್ಕಳಿಗೂ ಸಮನಾಗಿ. ಯಾವ ಹೆಂಡತಿಯ ಮಗು, ಗಂಡೋ ಹೆಣ್ಣೋ, ಮೊದಲು ಹುಟ್ಟಿದ್ದೋ ಆಮೇಲೋ ಎಂಬ ಭೇದ ಇರಲಿಲ್ಲ. ಜಮೀನು, ಕಟ್ಟಡ ಮಾತ್ರ ಹಿರಿಯ ಮಗನಿಗೆ. ಆ ಪದ್ಧತಿ 1925ರ ಕಾಯ್ದೆಯವರೆಗೂ ಉಳಿದಿತ್ತು. ಲೆಕ್ಕಕ್ಕೆಂದು ಮೊದಲ ಹೆಂಡತಿಯ ಮಕ್ಕಳು ಮೂವರು ಎಂದುಕೊಳ್ಳಿ. ಆ 900 ಪೌಂಡಿನಲ್ಲಿ 300 ತಾಯಿಗೆ, ಉಳಿದ 600ರಲ್ಲಿ ನಾಲ್ವರಿಗೆ ತಲಾ 150. ತಾಯಿ ಮಗು ಇಬ್ಬರದೂ ಸೇರಿ 450, ಅಂದರೆ ಸರಿಯಾಗಿ ಅರ್ಧ. ಮಿಕ್ಕ ಚರ ಆಸ್ತಿಯಲ್ಲೂ ಅದೇ ಪ್ರಮಾಣ.

ಉಯಿಲು ಈ ದಾರಿಯನ್ನು ಮುಚ್ಚಿತು. ಮಗು ಹುಟ್ಟಿದ ಮೇಲಾದರೂ ಹಳೆಯ ಉಯಿಲು ಬಿದ್ದುಹೋಗಬಾರದೇ ಎಂದು ಓದುಗರಿಗೆ ಅನ್ನಿಸಬಹುದು. ಹಿಂದೆ ಹಾಗೊಂದು ನಿಯಮ ಇತ್ತು: ಗಂಡಸು ಉಯಿಲು ಬರೆದ ಮೇಲೆ ಮದುವೆಯಾಗಿ ಮಗುವೂ ಹುಟ್ಟಿದರೆ, ಆ ಉಯಿಲನ್ನು ಅವನು ಉಳಿಸಿಕೊಳ್ಳಲು ಬಯಸಿರಲಾರ ಎಂದು ನ್ಯಾಯಾಲಯಗಳು ಊಹಿಸುತ್ತಿದ್ದವು. 1837ರ ಉಯಿಲು ಕಾಯ್ದೆ ಇದನ್ನು ಎರಡು ತುಂಡು ಮಾಡಿತು. 18ನೇ ಕಲಮಿನ ಪ್ರಕಾರ ಮದುವೆಯಾದರೆ ಹಳೆಯ ಉಯಿಲು ತಾನಾಗಿಯೇ ರದ್ದು. 19ನೇ ಕಲಮಿನ ಪ್ರಕಾರ ಪರಿಸ್ಥಿತಿ ಬದಲಾಯಿತೆಂಬ ಊಹೆಯ ಮೇಲೆ ಯಾವ ಉಯಿಲೂ ರದ್ದಾಗದು. ಜೋನ್ಸ್‌ನ ಉಯಿಲು ನಿಂತಿತೆಂದರೆ ಅದು ಎರಡನೇ ಮದುವೆಯ ನಂತರ, ಮಗು ಹುಟ್ಟುವ ಮುಂಚೆ ಬರೆದದ್ದಾಗಿರಬೇಕು. ಕಾಯ್ದೆಯ ಎರಡು ಕಲಮುಗಳ ನಡುವಿನ ಆ ಸಣ್ಣ ಸಂದಿಯಲ್ಲಿ ಮಗು ಸಿಕ್ಕಿಕೊಂಡಿತು. ಈ ಪ್ರಕರಣದ ಬಗ್ಗೆ ಬರೆಯುವವರು ಚೆಕ್ಕಿನ ಬಗ್ಗೆ ಪುಟಗಟ್ಟಲೆ ಬರೆದು 19ನೇ ಕಲಮನ್ನು ಮರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಮಗುವಿಗೆ ಅನ್ಯಾಯವಾದ ಜಾಗ ಚೆಕ್ ಅಲ್ಲ, ಇದು. ಹೊಸ ಮಗು ಬಂದರೂ ತಂದೆಯ ಹಳೆಯ ಕಾಗದ ಅಲುಗದೆ ನಿಲ್ಲಲಿ ಎಂದು ಶಾಸನಸಭೆ ಖಚಿತತೆಯ ಹೆಸರಿನಲ್ಲಿ ತೀರ್ಮಾನಿಸಿತ್ತು.

ಉಯಿಲು ಅಡ್ಡ ನಿಂತ ಮೇಲೆ ಮಗುವಿನ ಪರ ವಕೀಲರಿಗೆ ಉಳಿದದ್ದು ಚೆಕ್ ಒಂದೇ. ತಂದೆ ಬದುಕಿದ್ದಾಗಲೇ ಅದು ಅವನ ಕೈಬಿಟ್ಟಿತ್ತು ಎಂದು ತೋರಿಸಿದರೆ ಉಯಿಲು ಅದನ್ನು ಮುಟ್ಟಲಾರದು. ತೋರಿಸಲು ಎರಡು ದಾರಿ.

ಒಂದು, ದಾನ. ಬೆಳ್ಳಿ ಲೋಟವನ್ನೋ ಗಡಿಯಾರವನ್ನೋ ಕೊಡುವ ಮನಸ್ಸಿನಿಂದ ಕೈಗಿತ್ತರೆ ದಾನ ಪೂರ್ತಿಯಾಗುತ್ತದೆ. ಚೆಕ್ ಹಾಗಲ್ಲ. ಅದು ಇಂಥವರಿಗೆ ಹಣ ಕೊಡಿ ಎಂದು ಬ್ಯಾಂಕಿಗೆ ಬರೆದ ಆದೇಶ, ಮತ್ತು ಆ ಇಂಥವರು ಜೋನ್ಸ್. ಹಕ್ಕು ಇನ್ನೊಬ್ಬರಿಗೆ ದಾಟಬೇಕಾದರೆ ಬೆನ್ನ ಮೇಲೆ ಅವನ ಸಹಿ ಬೇಕಿತ್ತು. ಸಹಿ ಇರಲಿಲ್ಲ. ಕೂಸಿನ ಮುಷ್ಟಿಯಲ್ಲಿದ್ದದ್ದು ಬರೀ ಕಾಗದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಈ ಮಗುವಿನ ವಿಷಯದಲ್ಲಿ ಅಕ್ಷರಶಃ ನಿಜ.

ಇನ್ನೊಂದು, ಟ್ರಸ್ಟ್. ಆಸ್ತಿಯ ಮಾಲೀಕ ಅದನ್ನು ಯಾರಿಗೂ ವರ್ಗಾಯಿಸದೆ, ಇನ್ನು ಮುಂದೆ ಇದನ್ನು ಇಂಥವರ ಪರವಾಗಿ ನಾನು ಇಟ್ಟುಕೊಂಡಿದ್ದೇನೆ ಎಂದು ಸ್ಪಷ್ಟವಾಗಿ ಘೋಷಿಸಿದರೆ ಸಾಕು, ಆ ಕ್ಷಣದಿಂದ ಅವನು ಟ್ರಸ್ಟಿ. ಇಂಗ್ಲೆಂಡಿನ ಕಾನೂನಿನಲ್ಲಿ ಹಣದ ವಿಷಯಕ್ಕೆ ಇದನ್ನು ಬಾಯಿಮಾತಿನಲ್ಲೂ ಮಾಡಬಹುದು. ಅವನದೇ, ಅವನಿಗಾಗಿ ಎತ್ತಿಡುತ್ತೇನೆ ಎಂಬ ಮಾತುಗಳು ಇದಕ್ಕೆ ತೀರ ಹತ್ತಿರ ಇವೆ. ಮೊದಲು ವಿಚಾರಣೆ ನಡೆಸಿದ ನ್ಯಾಯಾಧೀಶ, ಉಪ ಚಾನ್ಸಲರ್ ಸ್ಟುವರ್ಟ್, ಹಾಗೆಯೇ ಓದಿ ಮಗುವಿನ ಪರ ತೀರ್ಪು ಕೊಟ್ಟರು.

ಮೇಲ್ಮನವಿ ಆ ಕಾಲದ ಹಿರಿಯ ನ್ಯಾಯಾಧೀಶರಾದ ಲಾರ್ಡ್ ಚಾನ್ಸಲರ್ ಕ್ರ್ಯಾನ್‌ವರ್ತ್ ಅವರ ಮುಂದೆ ಬಂತು. ನಾರ್‌ಫೋಕ್‌ನ ಹಳ್ಳಿಯೊಂದರ ಪಾದ್ರಿಯ ಮಗ ಅವರು. 1865ರಲ್ಲಿ ಎರಡನೇ ಬಾರಿ ಆ ಹುದ್ದೆಗೆ ಬಂದಿದ್ದರು. ಅವರು ತೀರ್ಪನ್ನು ತಿರುಗಿಸಿದರು. ಜೋನ್ಸ್ ತನ್ನನ್ನು ಟ್ರಸ್ಟಿ ಮಾಡಿಕೊಳ್ಳಲು ಉದ್ದೇಶಿಸಿದ್ದನೇ ಎಂಬುದೊಂದೇ ಪ್ರಶ್ನೆ, ಉದ್ದೇಶಿಸಿರಲಿಲ್ಲ ಎಂಬುದೇ ಉತ್ತರ ಎಂದರು. ಇಷ್ಟು ಮುಖ್ಯ ವ್ಯವಹಾರದಲ್ಲಿ ಇಂಥ ಸಡಿಲ ಮಾತುಕತೆಗಳನ್ನು ಟ್ರಸ್ಟ್ ಘೋಷಣೆ ಎಂದು ಒಪ್ಪಿದರೆ ಅದು ಅಪಾಯದ ಮೇಲ್ಪಂಕ್ತಿಯಾಗುತ್ತದೆ. 900 ಪೌಂಡ್ ನಿನ್ನ ಕೈಬಿಟ್ಟಿದೆ, ಇನ್ನು ನೀನು ಅದನ್ನು ಬೇರೆ ರೀತಿ ಬಳಸುವಂತಿಲ್ಲ ಎಂದು ಯಾರಾದರೂ ಹೇಳಿದ್ದರೆ ಜೋನ್ಸ್ ಬೆರಗಾಗುತ್ತಿದ್ದ ಎಂದರು. ಈ ಫಲಿತಾಂಶಕ್ಕೆ ತುಂಬ ವಿಷಾದವಿದೆ, ತಂದೆ ಮಾಡಬೇಕೆಂದಿದ್ದ ಏರ್ಪಾಟು ದೈವದ ಆಟದಿಂದ ಈ ನತದೃಷ್ಟ ಮಗುವಿಗೆ ತಪ್ಪಿಹೋಯಿತು ಎಂದೂ ಸೇರಿಸಿದರು.

ಮೊದಲ ಓದಿಗೆ ಇದು ಕಟುಕ ತೀರ್ಪೆನಿಸುತ್ತದೆ. ಆದರೆ ಆ ಬೆರಗಿನ ಮಾತನ್ನು ವ್ಯಾಪಾರಿಯ ಜಾಗದಲ್ಲಿ ನಿಂತು ನೋಡಬೇಕು. ಜೋನ್ಸ್ ಬದುಕಿದ್ದನೆಂದುಕೊಳ್ಳಿ. ಮುಂದಿನ ತಿಂಗಳು ಸಾಲ ಕೊಟ್ಟವನೊಬ್ಬ ಬಾಗಿಲಲ್ಲಿ ನಿಂತ, ಅಂಗಡಿಗೆ ತುರ್ತಾಗಿ ಸರಕು ಬೇಕಾಯಿತು. ಪೆಟ್ಟಿಗೆ ತೆರೆದು ಚೆಕ್ಕನ್ನು ನಗದು ಮಾಡಿ ಬಳಸಿದ. ಟ್ರಸ್ಟ್ ಹುಟ್ಟಿದ್ದರೆ ಅದು ಮಗುವಿನ ಹಣವನ್ನು ದುರುಪಯೋಗ ಮಾಡಿದಂತೆ. ಪ್ರಾಪ್ತವಯಸ್ಕನಾದ ಮಗ ತಂದೆಯ ಮೇಲೆ ದಾವೆ ಹೂಡಬಹುದಿತ್ತು. ತಂದೆ ಆ ಹಣವನ್ನು ಅಂಗಡಿಯಲ್ಲಿ ಹೂಡುವಂತೆಯೇ ಇರಲಿಲ್ಲ. ಟ್ರಸ್ಟಿಗಳಿಗೆ ಅನುಮತಿಯಿದ್ದ ಸರ್ಕಾರಿ ಸಾಲಪತ್ರಗಳಂಥ ಕಡೆ ಮಾತ್ರ ತೊಡಗಿಸಬೇಕಿತ್ತು. ದಾದಿಯ ಆಕ್ಷೇಪಣೆಗೆ ಉತ್ತರವಾಗಿ, ಹೆಂಡತಿಯ ಮುಂದೆ, ಸಂತೋಷದಲ್ಲಿ ಆಡಿದ ಮಾತಿಗೆ ಇಷ್ಟು ಭಾರ ಇದೆಯೆಂದು ಯಾವ ತಂದೆ ತಿಳಿದಿರುತ್ತಾನೆ? ವಕೀಲನಿಗೆ ಸೋಮವಾರದ ಮಾತು ಹೇಳಿದ್ದೇ ಒಂದು ಪುರಾವೆ. ಮಗುವಿಗೆ ಕೊಡುವ ಕೆಲಸ ಮುಗಿದಿದೆ ಎಂದು ಅವನು ತಿಳಿದಿರಲಿಲ್ಲ, ಇನ್ನೂ ಮಾಡಬೇಕಾಗಿದೆ ಎಂದು ತಿಳಿದಿದ್ದ.

ಇನ್ನೊಂದು ಕಾರಣವನ್ನು ನಾನು ಸೇರಿಸುತ್ತೇನೆ. ವ್ಯಾಪಾರಿಗಳು ದಿವಾಳಿಯಾಗುವುದು ಆಗ ಸಾಮಾನ್ಯ ಸಂಗತಿ. ಪೆಟ್ಟಿಗೆಯಲ್ಲಿರುವುದೆಲ್ಲ ಮಗುವಿನದು, ಮೊನ್ನೆ ಊಟದ ಹೊತ್ತಿನಲ್ಲಿ ಕೊಟ್ಟುಬಿಟ್ಟೆ ಎಂದು ಮನೆಯವರ ಸಾಕ್ಷಿಯಿಂದ ಸಾಬೀತು ಮಾಡಬಹುದಾದರೆ, ಉದ್ದರಿ ಕೊಟ್ಟವನಿಗೆ ಉಳಿಯುವುದೇನು? ಹಿಂದಿನ ಹೆಂಡತಿಯ ಮಕ್ಕಳಿಗೂ ಇದೇ ಭಯ. ತಂದೆ ಸತ್ತಿದ್ದಾನೆ, ಅವನನ್ನು ಕೇಳುವಂತಿಲ್ಲ, ಮಾತಿಗೆ ಸಾಕ್ಷಿ ಚಿಕ್ಕಮ್ಮ ಮತ್ತು ದಾದಿ. ಈ ಪ್ರಕರಣದಲ್ಲಿ ಅವರಿಬ್ಬರ ಮಾತು ನಿಜವೆಂದೇ ನ್ಯಾಯಾಲಯ ಒಪ್ಪಿತು. ಎಲ್ಲ ಮನೆಗಳಲ್ಲೂ ಅಂಥ ಸಾಕ್ಷಿ ನಿಜ ಹೇಳುತ್ತದೆಂಬ ಭರವಸೆ ಯಾರಿಗಿದೆ?

ಮಗುವನ್ನು ಉಳಿಸಬಹುದಾಗಿದ್ದ ಕೆಲಸಗಳು ಎಷ್ಟು ಸಣ್ಣವು ಎಂಬುದೇ ಮನಸ್ಸನ್ನು ಕಲಕುತ್ತದೆ. ಜೋನ್ಸ್ ಆ ಹೊತ್ತಿನಲ್ಲೇ ಲೇಖನಿ ತೆಗೆದು ಚೆಕ್ಕಿನ ಬೆನ್ನ ಮೇಲೆ ಹೆಂಡತಿಯ ಹೆಸರಿಗೆ ವರ್ಗಾಯಿಸಿ, ಮಗನಿಗಾಗಿ ಇಟ್ಟುಕೋ ಎಂದಿದ್ದರೆ ಸಾಕಿತ್ತು. ಅಥವಾ ಈ ಹಣವನ್ನು ಮಗನ ಪರವಾಗಿ ಟ್ರಸ್ಟಿಯಾಗಿ ಹಿಡಿದಿದ್ದೇನೆ ಎಂದು ಒಂದು ಸಾಲು ಬರೆದು ಸಹಿ ಹಾಕಿದ್ದರೂ ನಡೆಯುತ್ತಿತ್ತು. ಅಥವಾ ಉಯಿಲಿಗೆ ಪುರವಣಿ. ಅದಕ್ಕೆ ವಕೀಲನ ಕಚೇರಿಯೇ ಬೇಕಿರಲಿಲ್ಲ. 1837ರ ಕಾಯ್ದೆ ಕೇಳುತ್ತಿದ್ದುದು ಇಷ್ಟು: ಬರಹದಲ್ಲಿರಬೇಕು, ಕೊನೆಯಲ್ಲಿ ಸಹಿ ಇರಬೇಕು, ಆ ಸಹಿಯನ್ನು ಇಬ್ಬರು ಸಾಕ್ಷಿಗಳು ಒಟ್ಟಿಗೆ ಇದ್ದು ನೋಡಿ ತಾವೂ ಸಹಿ ಹಾಕಬೇಕು. ದಾದಿ ಒಬ್ಬಳು, ಅಂಗಡಿಯ ಆಳು ಇನ್ನೊಬ್ಬ. ಸಾಕ್ಷಿ ಹಾಕಿದವರಿಗೂ ಅವರ ಗಂಡ ಅಥವಾ ಹೆಂಡತಿಗೂ ಅದೇ ಕಾಗದದಲ್ಲಿ ಬರೆದ ಕೊಡುಗೆ ಬಿದ್ದುಹೋಗುತ್ತದೆ ಎಂಬ ನಿಯಮವಿದ್ದರೂ ಮಗುವಿಗೆ ಅದರಿಂದ ತೊಂದರೆ ಇರಲಿಲ್ಲ. ಹಾಗಾಗಿ ತಾಯಿಯೇ ಸಾಕ್ಷಿ ಹಾಕಿದ್ದರೂ ಮಗುವಿನ ಪಾಲು ಉಳಿಯುತ್ತಿತ್ತು.

ಒಂಬತ್ತು ವರ್ಷಗಳ ನಂತರ ಇಂಥದೇ ಇನ್ನೊಂದು ಮನೆಯ ಜಗಳ ಬಂತು. ಜಾನ್ ಡೆಲ್‌ಬ್ರಿಡ್ಜ್ ಮೂಳೆಗೊಬ್ಬರದ ವ್ಯಾಪಾರಿ. ಗುತ್ತಿಗೆಗೆ ಹಿಡಿದ ಗಿರಣಿಯಲ್ಲಿ ವ್ಯಾಪಾರ ನಡೆಸುತ್ತಿದ್ದ. 1873ರ ಮಾರ್ಚ್‌ನಲ್ಲಿ ಗುತ್ತಿಗೆ ಪತ್ರದ ಮೇಲೆಯೇ, ಈ ಪತ್ರವನ್ನೂ ಇದಕ್ಕೆ ಸೇರಿದ್ದೆಲ್ಲವನ್ನೂ ದಾಸ್ತಾನಿನ ಸಮೇತ ಇಂದಿನಿಂದ ಎಡ್ವರ್ಡ್ ಬೆನ್ನೆಟ್ಟೊ ರಿಚರ್ಡ್ಸ್‌ಗೆ ಕೊಡುತ್ತೇನೆ ಎಂದು ಬರೆದು ಸಹಿ ಹಾಕಿದ. ಎಡ್ವರ್ಡ್ ಇನ್ನೂ ಅಪ್ರಾಪ್ತನಾಗಿದ್ದ ಮೊಮ್ಮಗ. ಪತ್ರವನ್ನು ಹುಡುಗನ ತಾಯಿಯ ಕೈಗೆ ಕೊಟ್ಟ. ಮರು ತಿಂಗಳು ತೀರಿಕೊಂಡ. ವಿಧವೆ ಮತ್ತು ಗಂಡುಮಕ್ಕಳ ಎದುರು ಮೊಮ್ಮಗ ಸೋತ. ಗುತ್ತಿಗೆ ವರ್ಗಾವಣೆಗೆ ಸರಿಯಾದ ದಸ್ತಾವೇಜು ಬೇಕಿತ್ತು, ಇದು ಅದಲ್ಲ. ಕೊಡುತ್ತೇನೆ ಎನ್ನುವವನು ಕೈಬಿಡಲು ಬಯಸುತ್ತಾನೆಯೇ ಹೊರತು ಇನ್ನೊಬ್ಬರಿಗಾಗಿ ಇಟ್ಟುಕೊಳ್ಳಲು ಅಲ್ಲ ಎಂದರು ನ್ಯಾಯಾಧೀಶ ಸರ್ ಜಾರ್ಜ್ ಜೆಸ್ಸೆಲ್. ಇಲ್ಲಿ ನನಗೆ ಸಮಾಧಾನವಿಲ್ಲ. ಜೋನ್ಸ್ ಮಾತನಾಡಿದ್ದ ಅಷ್ಟೇ. ಡೆಲ್‌ಬ್ರಿಡ್ಜ್ ಬರೆದ, ತಾರೀಕು ಹಾಕಿದ, ಸಹಿ ಮಾಡಿದ, ಪತ್ರವನ್ನು ಮನೆಯಿಂದ ಹೊರಗೆ ಕಳಿಸಿದ. ಮನಸ್ಸು ಬದಲಿಸುವ ಜಾಗವನ್ನೇ ಅವನು ಉಳಿಸಿಕೊಂಡಿರಲಿಲ್ಲ. ಜೋನ್ಸ್ ತೀರ್ಪಿನ ಬಲ ಇರುವುದು ಆ ಮನುಷ್ಯ ಇನ್ನೂ ತೀರ್ಮಾನಿಸಿರಲಿಲ್ಲ ಎಂಬಲ್ಲಿ. ಆ ಬಲ ಡೆಲ್‌ಬ್ರಿಡ್ಜ್ ತೀರ್ಪಿಗಿಲ್ಲ. ಆದರೂ ಎರಡನ್ನೂ ಒಂದೇ ಉಸಿರಿನಲ್ಲಿ ಪಾಠ ಮಾಡುತ್ತಾರೆ.

ಬಾಯಿಮಾತು ಎಂದೂ ಗೆದ್ದಿಲ್ಲವೆಂದಲ್ಲ. 1977ರ ಪಾಲ್ ವಿರುದ್ಧ ಕಾನ್‌ಸ್ಟನ್ಸ್ ಪ್ರಕರಣದಲ್ಲಿ, ಕೆಲಸದಲ್ಲಿ ಆದ ಗಾಯಕ್ಕೆ ಸಿಕ್ಕ 950 ಪೌಂಡ್ ಪರಿಹಾರವನ್ನು ತನ್ನೊಬ್ಬನ ಹೆಸರಿನ ಖಾತೆಯಲ್ಲಿಟ್ಟಿದ್ದ ಕಾನ್‌ಸ್ಟನ್ಸ್, ಜೊತೆಗೆ ಬಾಳುತ್ತಿದ್ದವಳಿಗೆ ಈ ಹಣ ನನ್ನದಷ್ಟೇ ನಿನ್ನದೂ ಹೌದು ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಅದು ಟ್ರಸ್ಟ್ ಎಂದು ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಅಲ್ಲಿ ಮಾತು ಒಂದು ಸಂಜೆಯದ್ದಾಗಿರಲಿಲ್ಲ, ಬಾಳಿನ ರೀತಿಯೇ ಆಗಿತ್ತು.

ನಮ್ಮ ಕಡೆಗೆ ಇದು ದೂರದ ಕಥೆಯಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇದೇ ಇಂಗ್ಲಿಷ್ ತತ್ವಗಳ ಮೇಲೆ ನಿಂತಿದೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕೆಂಬುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಲ್ಲಿದೆ. ಹಿಂದೂಗಳ ಉಯಿಲು ಮದುವೆಯಿಂದಲೂ ರದ್ದಾಗುವುದಿಲ್ಲ, ಮಗು ಹುಟ್ಟಿದ್ದರಿಂದಲೂ ಆಗುವುದಿಲ್ಲ. ಪಿತ್ರಾರ್ಜಿತದಲ್ಲಿ ಮಗುವಿಗೆ ಹುಟ್ಟಿನಿಂದ ಹಕ್ಕು ಬರುತ್ತದೆ, ಸರಿ. ಆದರೆ ಅಂಗಡಿ ಇಟ್ಟು ತಾನೇ ದುಡಿದ ಸ್ವಯಾರ್ಜಿತದಲ್ಲಿ, ಮೊದಲೇ ಬರೆದಿಟ್ಟ ಉಯಿಲು ಮೊದಲ ಮಕ್ಕಳ ಹೆಸರಿಗಿದ್ದರೆ, ಕೊನೆಯ ಮಗುವಿನ ಸ್ಥಿತಿ ಪೆಂಬ್ರೋಕ್‌ನ ಕೂಸಿನದೇ. ಎರಡನೇ ಮದುವೆಯಾದವರು, ಮಗು ಹುಟ್ಟುವ ಮೊದಲು ಉಯಿಲು ನೋಂದಾಯಿಸಿದವರು ಆ ಕಾಗದವನ್ನು ಈ ವಾರವೇ ತೆಗೆದು ಓದಬೇಕು.

ಇಂಗ್ಲೆಂಡಿನಲ್ಲಿ ಇದಕ್ಕೆ ಪರಿಹಾರ ಬಂದದ್ದು 1938ರಲ್ಲಿ, ತೀರ್ಪಿನ 73 ವರ್ಷಗಳ ನಂತರ. ಆ ವರ್ಷದ ಕೌಟುಂಬಿಕ ಜೀವನಾಂಶ ಕಾಯ್ದೆ ಮೊದಲ ಬಾರಿಗೆ ಉಯಿಲನ್ನು ಮೀರಿ ಆಸ್ತಿಯಿಂದ ಜೀವನಾಂಶ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಅರ್ಜಿ ಹಾಕಬಹುದಾದವರು ಗಂಡ ಅಥವಾ ಹೆಂಡತಿ, ಮದುವೆಯಾಗದ ಮಗಳು, ದುಡಿಯಲಾರದ ಅಂಗವಿಕಲ ಮಕ್ಕಳು ಮತ್ತು ಅಪ್ರಾಪ್ತ ಮಗ.